ಪದ್ಯ ಎತ್ತುವಲ್ಲಿ ಗುರುತು ಹಾಕಿ: ಕ್ಯಾಸೆಟ್ಟಿನ ಉದ್ದದ ಫೈಲನ್ನು ತುಂಡು ಮಾಡುವ ಬಗೆ

ಪ್ರಶ್ನೆ: ನಮ್ಮ ಮನೆ ಮುಳ್ಳೇರಿಯದ ಹತ್ತಿರ. ಅಪ್ಪನಿಗೆ ಈಗ 84 ವರ್ಷ. ಹಿಂದೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಇದ್ದಲ್ಲೆಲ್ಲ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗುತ್ತಿದ್ದರು. ಹಾಗೆ ರೆಕಾರ್ಡ್ ಮಾಡಿದ 60 ಕ್ಯಾಸೆಟ್ ಮನೆಯಲ್ಲಿವೆ. ಭಕ್ತಿಗೀತೆಗಳ ನಾಲ್ಕು ಎಲ್‌ಪಿ ರೆಕಾರ್ಡೂ ಇವೆ. ಅಣ್ಣನ ಮಗ ರಜೆಯಲ್ಲಿ ಬಂದಾಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಟ್ಟ. ಆದರೆ ಕ್ಯಾಸೆಟ್ಟಿನ ಒಂದೊಂದು ಬದಿ ಒಂದೊಂದೇ ಫೈಲ್, 45 ನಿಮಿಷ ಉದ್ದ. ಅಪ್ಪ ಒಂದು ಪದ್ಯ ಕೇಳಬೇಕು ಅಂದರೆ ಹಿಂದೆ ಮುಂದೆ ಓಡಿಸಿ ಸಾಕಾಗುತ್ತದೆ. ಅವರು ಕೇಳುವುದು ಪೆನ್‌ಡ್ರೈವ್ ಹಾಕುವ ಸಣ್ಣ ಸ್ಪೀಕರಿನಲ್ಲಿ. ಫೈಲನ್ನು ತಾನಾಗಿ ತುಂಡು ಮಾಡುವ ಸಾಫ್ಟ್‌ವೇರ್ ಇದೆಯಂತೆ, ಹೌದಾ? ಯಾವುದನ್ನು ಹಾಕಿಕೊಳ್ಳಲಿ?

ಉತ್ತರ: ನಮಸ್ಕಾರ. ಮೊದಲು ನಿಮ್ಮ ಅಣ್ಣನ ಮಗನಿಗೆ ಒಂದು ಶಾಭಾಸ್ ಹೇಳಬೇಕು. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಟೇಪಿಗೆ ಬೂಸು ಹಿಡಿಯದೆ ಉಳಿಯುವುದೇ ಕಷ್ಟ. 60 ಕ್ಯಾಸೆಟ್ ಅಂದರೆ 120 ಬದಿ. ಅಷ್ಟನ್ನೂ ಕೂತು ಓಡಿಸಿದ್ದಾನೆ ಅಂದರೆ ದೊಡ್ಡ ಕೆಲಸ ಆಗಿಹೋಗಿದೆ. ಈಗ ಉಳಿದಿರುವುದು ತಾಳ್ಮೆಯ ಕೆಲಸ. ಅದನ್ನು ನೀವೇ ಮನೆಯಲ್ಲಿ ಮಾಡಬಹುದು.

ತಾನಾಗಿ ತುಂಡು ಮಾಡುವ ಸಾಫ್ಟ್‌ವೇರ್ ಇದೆ, ನಿಜ. ಎಲ್‌ಪಿಗೆ ಅದು ತಕ್ಕಮಟ್ಟಿಗೆ ಆಗುತ್ತದೆ. ತಾಳಮದ್ದಳೆಗೆ ಆಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಮುಂದಿನ ಕೆಲಸ ಸುಲಭವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಸಾಫ್ಟ್‌ವೇರಿಗೆ ಹಾಡು ಯಾವುದು, ಮಾತು ಯಾವುದು ಅಂತ ಗೊತ್ತಿಲ್ಲ. ಅದು ಹುಡುಕುವುದು ಮೌನವನ್ನು. ಸದ್ದು ಇಂತಿಷ್ಟು ಮಟ್ಟಕ್ಕಿಂತ ಕೆಳಗಿಳಿದು ಒಂದೆರಡು ಸೆಕೆಂಡು ಅಲ್ಲೇ ಇದ್ದರೆ ಹಾಡು ಮುಗಿಯಿತು ಅಂತ ಲೆಕ್ಕ ಹಾಕುತ್ತದೆ. ಕಂಪನಿಯವರು ಮಾಡಿದ ಆಲ್ಬಮ್ಮಿನಲ್ಲಿ ಎರಡು ಹಾಡುಗಳ ನಡುವೆ ಅಂಥ ಮೌನ ಇರುತ್ತದೆ. ತಾಳಮದ್ದಳೆಯಲ್ಲಿ ಎಲ್ಲಿದೆ? ಪದ್ಯ ಹಾಡುವ ಭಾಗವತರು ಕೂತಾಗ ಶುರುವಾದ ಶ್ರುತಿ ಮಂಗಳದವರೆಗೂ ಎಡೆಬಿಡದೆ ಕೇಳುತ್ತಲೇ ಇರುತ್ತದೆ. ಪದ್ಯ ಮುಗಿದು ಅರ್ಥ, ಅಂದರೆ ಆ ಪದ್ಯದ ಮೇಲೆ ಅರ್ಥಧಾರಿ ಆಡುವ ಮಾತು, ಶುರುವಾಗುವಲ್ಲಿ ಮೌನವೇ ಇಲ್ಲ. ಇನ್ನು ಶ್ರುತಿ ದೂರದಲ್ಲಿದ್ದು ಮೈಕಿಗೆ ಸರಿಯಾಗಿ ಸಿಕ್ಕದಿದ್ದರೆ ಬೇರೆಯೇ ಪಜೀತಿ. ಅರ್ಥಧಾರಿ ಒಂದು ಮಾತು ಹೇಳಿ, ಸಭೆಗೆ ಅದು ಇಳಿಯಲಿ ಅಂತ ಮೂರು ಸೆಕೆಂಡು ಸುಮ್ಮನಾಗುತ್ತಾರಲ್ಲ? ಸಾಫ್ಟ್‌ವೇರ್ ಅಲ್ಲೇ ಕತ್ತರಿ ಹಾಕುತ್ತದೆ. ಮಾತಿನ ಸೊಗಸು ಇರುವುದೇ ಆ ನಿಲುಗಡೆಯಲ್ಲಿ. ಅದನ್ನೇ ಅದು ಕೊನೆ ಅಂತ ತಿಳಿದುಕೊಳ್ಳುತ್ತದೆ.

ನನ್ನ ಸೋದರಮಾವನ ಕ್ಯಾಸೆಟ್ಟುಗಳನ್ನು ಹಿಂದೆ ಒಬ್ಬರಿಗೆ ದುಡ್ಡು ಕೊಟ್ಟು ತುಂಡು ಮಾಡಿಸಿದ್ದೆ. ಅವರು ಮೌನ ನೋಡಿ ಕತ್ತರಿಸುವ ದಾರಿಯನ್ನೇ ಹಿಡಿದಿದ್ದರು. ಒಂದೇ ಬದಿಯಿಂದ ನೂರಕ್ಕೂ ಜಾಸ್ತಿ ಚೂರು ಬಂದಿದ್ದವು. ಕೆಲವು ಚೂರಿನಲ್ಲಿ ಬರೀ ‘ಹೌದು’ ಎಂಬ ಒಂದು ಮಾತು. ಅದಕ್ಕಿಂತ ಸಂಕಟದ ಸಂಗತಿ ಇನ್ನೊಂದು. ಚೂರುಗಳ ನಡುವಿನ ಮೌನವನ್ನು ಅವರು ಎಸೆದುಬಿಟ್ಟಿದ್ದರು, ಇಡೀ ಫೈಲನ್ನು ಅಳಿಸಿದ್ದರು. ಅಷ್ಟರಲ್ಲಿ ಮಾವನ ಟೇಪ್ ಹಾಳಾಗಿತ್ತು. ಆ ರಾತ್ರಿಯ ಸಂವಾದದ ನಡೆ ಮತ್ತೆ ಸಿಗಲಿಲ್ಲ.

ಹಾಗಾಗಿ ನಿಮಗೆ ಹೇಳುವ ಮೊದಲ ಮಾತು: ಈಗಿರುವ ಉದ್ದದ ಫೈಲುಗಳನ್ನು ಮುಟ್ಟಬೇಡಿ. ಒಂದು ಹಾರ್ಡ್‌ಡಿಸ್ಕಿಗೆ ಪ್ರತಿ ಮಾಡಿ ಬೇರೆ ಮನೆಯಲ್ಲಿ ಇಡಿ, ಅಣ್ಣನ ಮನೆಯಲ್ಲಾದರೂ ಸರಿ. ಸ್ಟೀರಿಯೋ ವೇವ್ ಫೈಲಾದರೆ ನಿಮಿಷಕ್ಕೆ ಸುಮಾರು 10 ಎಂಬಿ. 45 ನಿಮಿಷದ ಬದಿಗೆ 475 ಎಂಬಿಯಷ್ಟು. 60 ಕ್ಯಾಸೆಟ್ಟಿಗೆ 57 ಜಿಬಿ ಆಗಬಹುದು. ಇವತ್ತಿನ ಹಾರ್ಡ್‌ಡಿಸ್ಕಿಗೆ ಅದು ಲೆಕ್ಕವೇ ಅಲ್ಲ. ಜಾಗ ಉಳಿಸಬೇಕು ಅಂತಿದ್ದರೆ ಫ್ಲ್ಯಾಕ್ ಮಾಡಿ. ಗಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಸದ್ದಿನಲ್ಲಿ ಒಂದು ಎಳೆಯೂ ಕಡಿಮೆಯಾಗುವುದಿಲ್ಲ. ಎಂಪಿ3 ಹಾಗಲ್ಲ. ಅದರಲ್ಲಿ ಸ್ವಲ್ಪ ಹೋಗಿಯೇ ಹೋಗುತ್ತದೆ.

ಕೆಲಸಕ್ಕೆ ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ದುಡ್ಡು ಕೊಡಬೇಕಾಗಿಲ್ಲ. ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

ಒಂದು ಬದಿಯ ಫೈಲನ್ನು ಅದರಲ್ಲಿ ತೆರೆಯಿರಿ. ಪರದೆಯ ಮೇಲೆ ಸದ್ದಿನ ಚಿತ್ರ ಬರುತ್ತದೆ. ತುಂಡು ಮಾಡುವ ಮೊದಲು ಅದನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಪದ್ಯ ಇರುವಲ್ಲಿ, ಅದರಲ್ಲೂ ಚೆಂಡೆ ಬಿದ್ದಲ್ಲಿ, ಚಿತ್ರ ದಪ್ಪ ಪಟ್ಟಿಯ ಹಾಗೆ ತುಂಬಿಕೊಂಡಿರುತ್ತದೆ. ಅರ್ಥ ಇರುವಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಬಿಡಿಬಿಡಿಯಾಗಿರುತ್ತದೆ. ಎರಡು ಮೂರು ಬದಿ ಆಗುವಷ್ಟರಲ್ಲಿ ಕಣ್ಣಿಗೇ ಪದ್ಯ ಕಾಣತೊಡಗುತ್ತದೆ. ಆಮೇಲೆ ಇಡೀ 45 ನಿಮಿಷ ಕೇಳಬೇಕಾಗಿಲ್ಲ. ದಪ್ಪ ಪಟ್ಟಿ ಶುರುವಾಗುವ ಜಾಗದ ಆಚೀಚೆ ಕೇಳಿದರೆ ಸಾಕು. ಮೊದಲ ಬದಿಗೆ ಒಂದು ಗಂಟೆ ಹಿಡಿದರೆ ಹತ್ತನೆಯದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಈಗ ಗುರುತು ಹಾಕುವುದು. ಆಡಾಸಿಟಿಯಲ್ಲಿ ಇದಕ್ಕೆ ಲೇಬಲ್ ಅನ್ನುತ್ತಾರೆ. ಓಡುತ್ತಿರುವಾಗಲೇ ಕಂಟ್ರೋಲ್ ಮತ್ತು ಎಂ ಒತ್ತಿದರೆ ಆ ಜಾಗದಲ್ಲಿ ಲೇಬಲ್ ಬೀಳುತ್ತದೆ. ನಿಲ್ಲಿಸಿ, ಸರಿಯಾದ ಜಾಗದಲ್ಲಿ ಕ್ಲಿಕ್ ಮಾಡಿ ಹಾಕುವುದಾದರೆ ಕಂಟ್ರೋಲ್ ಮತ್ತು ಬಿ. ನಾನು ಓಡುವಾಗ ಎಂ ಒತ್ತುತ್ತಾ ಹೋಗುತ್ತೇನೆ. ಆಮೇಲೆ ಒಂದೊಂದನ್ನೇ ದೊಡ್ಡದು ಮಾಡಿ ನೋಡಿ ಎಳೆದು ಸರಿಪಡಿಸುತ್ತೇನೆ. ಲೇಬಲ್ಲಿಗೆ ಹೆಸರನ್ನು ಅಲ್ಲೇ ಟೈಪ್ ಮಾಡಬಹುದು. ಕನ್ನಡದಲ್ಲೂ ಆಗುತ್ತದೆ.

ಗುರುತು ಎಲ್ಲಿ ಬೀಳಬೇಕು ಎನ್ನುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ. ಅರ್ಥಧಾರಿಯ ಕೊನೆಯ ಮಾತು ಮುಗಿಯಿತು, ಭಾಗವತರು ಇನ್ನೂ ಎತ್ತಿಕೊಂಡಿಲ್ಲ. ಆ ಸಂದಿಯಲ್ಲಿ ಹಾಕಿ. ಪದ್ಯದ ಮೊದಲ ಅಕ್ಷರಕ್ಕೇ ಹಾಕಬೇಡಿ. ಭಾಗವತರು ಪದ್ಯ ಎತ್ತುವ ಮೊದಲು ರಾಗ ಹಿಡಿಯುತ್ತಾರೆ, ಮದ್ದಳೆಯವರು ಒಂದೆರಡು ಪೆಟ್ಟು ಹಾಕುತ್ತಾರೆ. ಕೇಳುವವರ ಮನಸ್ಸು ಕೂರುವುದು ಅಲ್ಲೇ. ನಿಮ್ಮ ಅಪ್ಪನಂಥವರಿಗೆ ಆ ಎರಡು ಪೆಟ್ಟು ಕೇಳಿದೊಡನೆ ಯಾವ ಪದ್ಯ ಬರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಅದನ್ನು ಹಿಂದಿನ ತುಂಡಿನ ಬಾಲಕ್ಕೆ ಅಂಟಿಸಿದರೆ ಪದ್ಯಕ್ಕೆ ತಲೆಯೇ ಇಲ್ಲದ ಹಾಗಾಗುತ್ತದೆ.

ಪದ್ಯ ಮುಗಿಯುವಲ್ಲಿ ಬೇರೆ ಗುರುತು ಬೇಡ. ಪದ್ಯ ಮತ್ತು ಅದರ ಅರ್ಥ ಒಂದೇ ತುಂಡಿನಲ್ಲಿ ಇರಲಿ. ಇದು ನನ್ನ ಅಭಿಪ್ರಾಯ. ಹಾಡುಗಾರಿಕೆ ಮಾತ್ರ ಕೇಳುವವರು ಪದ್ಯಗಳನ್ನು ಬೇರೆ ಮಾಡಿಸಿಕೊಳ್ಳುತ್ತಾರೆ, ಅದೂ ತಪ್ಪಲ್ಲ. ಆದರೆ ತಾಳಮದ್ದಳೆಯಲ್ಲಿ ಪದ್ಯ ಪ್ರಶ್ನೆಯಾದರೆ ಅರ್ಥ ಅದಕ್ಕೆ ಬರುವ ಉತ್ತರ. ಅವೆರಡನ್ನು ಬಿಡಿಸಬಾರದು. ಪೀಠಿಕೆಯಂಥ ಕಡೆ ಮಾತು ಬಹಳ ಉದ್ದವಾಗುತ್ತದೆ. ದೊಡ್ಡ ಅರ್ಥಧಾರಿಗಳು ಒಂದು ಪದ್ಯಕ್ಕೆ ಅರ್ಧ ಗಂಟೆ ಮಾತಾಡಿದ್ದೂ ಇದೆ. ಅಂಥಲ್ಲಿ ವಿಷಯ ತಿರುಗುವ ಜಾಗ ನೋಡಿ ನಡುವೆ ಒಂದು ಗುರುತು ಹಾಕಿ. ನಿಮ್ಮ ಅಪ್ಪನ ಸ್ಪೀಕರಿನಲ್ಲಿ ಇರುವುದು ಹಿಂದೆ, ಮುಂದೆ ಎಂಬ ಎರಡು ಗುಂಡಿ, ಅಲ್ವಾ? ಕೈತಪ್ಪಿ ಮುಂದಿನದನ್ನು ಒತ್ತಿದರೂ ಹತ್ತು ನಿಮಿಷಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು. ಆ ಲೆಕ್ಕದಲ್ಲಿ 5ರಿಂದ 10 ನಿಮಿಷದ ತುಂಡು ಒಳ್ಳೆಯದು.

ಕ್ಯಾಸೆಟ್ ಮಗುಚುವಲ್ಲಿ ಏನಾಗಿದೆ ನೋಡಿ. ಮೊದಲ ಬದಿಯ ಟೇಪ್ ಮುಗಿದು, ಅಪ್ಪ ಅದನ್ನು ತೆಗೆದು ತಿರುಗಿಸಿ ಹಾಕುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಅದರ ಮೇಲೆ ಟೇಪಿನ ತುದಿಯಲ್ಲಿ ಸದ್ದು ಹಿಡಿಯದ ಪ್ಲಾಸ್ಟಿಕ್ ಪಟ್ಟಿ ಐದಾರು ಸೆಕೆಂಡಿನಷ್ಟು ಇರುತ್ತದೆ. ಹಾಗಾಗಿ ವಾಕ್ಯ ತುಂಡಾಗಿರುವುದು ಸಹಜ. ಎರಡೂ ಬದಿಯನ್ನು ಒಂದೇ ಕಡೆ ತಂದು, ಒಂದರ ಕೊನೆಗೆ ಇನ್ನೊಂದನ್ನು ಅಂಟಿಸಿ ಕೆಲಸ ಮಾಡಿ. ಸೇರುವ ಜಾಗದಲ್ಲಿ ಎರಡು ಸೆಕೆಂಡು ಮೌನ ಬಿಡಿ. ತಪ್ಪಿಹೋದ ಮಾತನ್ನು ಮುಚ್ಚಿಡುವ ಹಾಗೆ ಜೋಡಿಸಬೇಡಿ. ಇಲ್ಲಿ ಟೇಪ್ ಮಗುಚಿದೆ ಅಂತ ಕೇಳುವವರಿಗೆ ತಿಳಿಯಲಿ.

ಸದ್ದು ಏರಿಸುವುದು, ಶುಚಿ ಮಾಡುವುದು ಇದ್ದರೆ ತುಂಡು ಮಾಡುವ ಮೊದಲೇ, ಇಡೀ ಬದಿಗೆ ಒಟ್ಟಿಗೆ ಮಾಡಿ. ತುಂಡು ಮಾಡಿದ ಮೇಲೆ ಒಂದೊಂದನ್ನೂ ಬೇರೆ ಬೇರೆ ಏರಿಸಿದರೆ ಮೆಲುದನಿಯ ಮಾತೂ ಏರು ಪದ್ಯವೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಆಗ ಚೆಂಡೆಯ ಅಬ್ಬರಕ್ಕೆ ಬೆಲೆಯೇ ಇರುವುದಿಲ್ಲ. ಅತಿ ಎತ್ತರದ ಸದ್ದು ಮೀಟರಿನ ತುದಿಯಾದ ಸೊನ್ನೆಗಿಂತ 1 ಡೆಸಿಬೆಲ್ ಕೆಳಗೆ ಇರುವ ಹಾಗೆ ಏರಿಸಿ, ಸಾಕು. ಟೇಪಿನ ಸುಯ್ಯೆನ್ನುವ ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ. ಅದರ ಜೊತೆ ಚಕ್ರತಾಳದ (ಲೋಹದ ತಾಳ) ಹೊಳಪೂ ಹೋಗುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಸಣ್ಣ ಟೇಪ್ ರೆಕಾರ್ಡರಿನಲ್ಲಿ ಒಂದೇ ಮೈಕಿನಿಂದ ಹಿಡಿದದ್ದಾದರೆ ನಿಮ್ಮ ರೆಕಾರ್ಡಿಂಗ್ ನಿಜವಾಗಿ ಮೋನೋ. ಕಂಪ್ಯೂಟರಿನಲ್ಲಿ ಎಡ, ಬಲ ಎಂಬ ಎರಡು ಪಟ್ಟಿ ಕಂಡರೂ ಎರಡರಲ್ಲೂ ಇರುವುದು ಒಂದೇ ಸದ್ದು. ಅವೆರಡನ್ನು ಬೆರೆಸಿ ಒಂದು ಮಾಡಬೇಡಿ. ಓಡಿಸಿದ ಡೆಕ್ಕಿನ ಹೆಡ್ (ಟೇಪನ್ನು ಓದುವ ಭಾಗ) ಒಂದಿಷ್ಟು ಓರೆಯಾಗಿದ್ದರೂ ಎಡದ್ದೂ ಬಲದ್ದೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗಿರುತ್ತವೆ. ಬೆರೆಸಿದಾಗ ಮೇಲಿನ ಸ್ವರಗಳು ಒಂದನ್ನೊಂದು ಅಳಿಸಿ ದನಿ ಮಂಕಾಗುತ್ತದೆ. ಎರಡನ್ನೂ ಹೆಡ್‌ಫೋನಿನಲ್ಲಿ ಬೇರೆ ಬೇರೆ ಕೇಳಿ. ಯಾವುದು ಸ್ಪಷ್ಟವಾಗಿದೆಯೋ ಅದನ್ನು ಮಾತ್ರ ಇಟ್ಟುಕೊಳ್ಳಿ. ಫೈಲಿನ ಗಾತ್ರವೂ ಅರ್ಧಕ್ಕೆ ಇಳಿಯುತ್ತದೆ.

ಗುರುತು ಎಲ್ಲ ಹಾಕಿದ ಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ‘ಮಲ್ಟಿಪಲ್ ಫೈಲ್ಸ್’ ಎಂಬುದನ್ನು ಆರಿಸಿ, ಲೇಬಲ್ ಪ್ರಕಾರ ಒಡೆಯಲು ಹೇಳಿ. ಹೆಸರಿನ ಮುಂದೆ ಸಂಖ್ಯೆ ಸೇರಿಸುವ ಆಯ್ಕೆಯನ್ನೂ ಒತ್ತಿ. ಒಂದು ಗುರುತಿನಿಂದ ಮುಂದಿನ ಗುರುತಿನವರೆಗೆ ಒಂದೊಂದು ಫೈಲ್ ಆಗುತ್ತದೆ, ನಡುವೆ ಏನೂ ಬಿಟ್ಟುಹೋಗುವುದಿಲ್ಲ. ಮೊದಲ ಗುರುತಿಗಿಂತ ಹಿಂದಿನ ಭಾಗ ಬೇಕೋ ಬೇಡವೋ ಅಂತ ಬೇರೆ ಕೇಳುತ್ತದೆ. ಬೇಕು ಅನ್ನಿ. ಮೈಕ್ ಪರೀಕ್ಷೆ, ಸಭೆಯ ಗದ್ದಲ, ಯಾರೋ ಯಾರನ್ನೋ ಕರೆಯುವುದು, ಎಲ್ಲ ಅಲ್ಲೇ ಇರುತ್ತದೆ. ಮುಂದೆ ಒಂದು ದಿನ ಅದರ ಬೆಲೆ ಗೊತ್ತಾಗುತ್ತದೆ.

ಲೇಬಲ್ಲುಗಳನ್ನೂ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ಇಡಿ. ಅದೊಂದು ಪುಟ್ಟ ಪಠ್ಯದ ಫೈಲ್. ಒಂದೊಂದು ಸಾಲಿನಲ್ಲಿ ಶುರುವಿನ ಸೆಕೆಂಡು, ಕೊನೆಯ ಸೆಕೆಂಡು, ಹೆಸರು, ಅಷ್ಟೇ. ಇಡೀ ಬದಿಯ ಫೈಲ್ ಮತ್ತು ಈ ಚೀಟಿ ಎರಡೂ ಇದ್ದರೆ, ನಾಳೆ ಪೆನ್‌ಡ್ರೈವ್ ಕಳೆದುಹೋದರೂ ಐದು ನಿಮಿಷದಲ್ಲಿ ತುಂಡುಗಳನ್ನು ಮತ್ತೆ ತೆಗೆಯಬಹುದು. ನನ್ನ ಮಟ್ಟಿಗೆ ತುಂಡು ಮಾಡಿದ ಫೈಲುಗಳಿಗಿಂತ ಈ ಚೀಟಿಯೇ ದೊಡ್ಡ ಆಸ್ತಿ.

ಎಂಪಿ3 ಮಾಡುವುದು ಕೊನೆಯಲ್ಲಿ, ಒಂದೇ ಸಲ. ಮಾತು ಜಾಸ್ತಿ ಇರುವ ಮೋನೋ ರೆಕಾರ್ಡಿಂಗಿಗೆ 96 ಕೆಬಿಪಿಎಸ್ ಚೆನ್ನಾಗಿಯೇ ಕೇಳುತ್ತದೆ. 60 ಕ್ಯಾಸೆಟ್ಟೂ ಸೇರಿ 4 ಜಿಬಿ ಆದೀತು. ಒಂದು ವೇಳೆ ಅಣ್ಣನ ಮಗ ಕೊಟ್ಟಿರುವುದೇ ಎಂಪಿ3 ಆಗಿದ್ದರೆ ಆಡಾಸಿಟಿಯಲ್ಲಿ ತೆರೆದು ಮತ್ತೆ ಎಂಪಿ3 ಮಾಡಬೇಡಿ. ಎರಡನೆಯ ಸಲ ಹಿಂಡಿದ ಹಾಗಾಗುತ್ತದೆ. ಅದಕ್ಕೆ ಎಂಪಿ3ಡೈರೆಕ್ಟ್‌ಕಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಬಿಚ್ಚದೆಯೇ ಕತ್ತರಿಸುತ್ತದೆ. ಎಂಪಿ3 ಎಂದರೆ ಸಣ್ಣ ಸಣ್ಣ ಕಟ್ಟುಗಳ ಸಾಲು, ಒಂದೊಂದು ಕಟ್ಟು ಸುಮಾರು 26 ಮಿಲಿಸೆಕೆಂಡಿನದು. ಅದು ಕಟ್ಟಿನ ಸಂದಿಯಲ್ಲೇ ಕತ್ತರಿ ಹಾಕುವುದರಿಂದ ಸದ್ದು ಇದ್ದ ಹಾಗೇ ಉಳಿಯುತ್ತದೆ.

ಇನ್ನು ನಾಲ್ಕು ಎಲ್‌ಪಿ. ಇದಕ್ಕೆ ತಾನಾಗಿ ಮಾಡುವ ದಾರಿಯನ್ನು ಪ್ರಯತ್ನಿಸಬಹುದು. ಅನಲೈಸ್ ಮೆನುವಿನಲ್ಲಿ ‘ಲೇಬಲ್ ಸೌಂಡ್ಸ್’ ಅಂತ ಇದೆ. ಮೌನದ ಮಟ್ಟ ಎಷ್ಟು ಅಂತ ಅದು ಕೇಳುತ್ತದೆ. ಹಾಡುಗಳ ನಡುವಿನ ಜಾಗವನ್ನು ಮಾತ್ರ ಓಡಿಸಿ ಮೀಟರ್ ನೋಡಿ. ಅಲ್ಲಿ ಮೈನಸ್ 48 ತೋರಿಸಿದರೆ ಮೈನಸ್ 42 ಕೊಡಿ. ಅವಧಿ ಒಂದೂವರೆ ಸೆಕೆಂಡು ಇರಲಿ. ಚಟಪಟ ಸದ್ದು ಜಾಸ್ತಿ ಇದ್ದರೆ ಮೌನ ಅದಕ್ಕೆ ಸಿಗುವುದಿಲ್ಲ. ಆಗ ಕೈಯಲ್ಲೇ ಹಾಕಿ. ಒಂದು ಬದಿಗೆ ನಾಲ್ಕೈದು ಹಾಡು ತಾನೆ? ಹಾಡಿನ ಕೊನೆಯ ತಂಬೂರಿಯ ನಾದ ಪೂರ್ತಿ ಅಡಗಿದ ಮೇಲೆ ಗುರುತು ಬೀಳಲಿ.

ಪೆನ್‌ಡ್ರೈವ್ ವಿಷಯ. ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಸಣ್ಣ ಸ್ಪೀಕರ್, ಕಾರಿನ ಸೆಟ್ ಎಲ್ಲಕ್ಕೂ ಅದು ಹಿಡಿಸುತ್ತದೆ. ಫೈಲಿನ ಹೆಸರು 01, 02 ಅಂತ ಎರಡಂಕಿಯಲ್ಲಿ ಶುರುವಾಗಲಿ. ಬರೀ 1, 2 ಅಂತ ಇಟ್ಟರೆ ಎಷ್ಟೋ ಸೆಟ್ಟುಗಳಲ್ಲಿ 1 ಆದ ಮೇಲೆ 10 ಬರುತ್ತದೆ. ಕೆಲವು ಸೆಟ್ ಹೆಸರನ್ನೇ ನೋಡುವುದಿಲ್ಲ, ಪೆನ್‌ಡ್ರೈವಿಗೆ ಯಾವುದು ಮೊದಲು ಬಂತೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಖಾಲಿ ಪೆನ್‌ಡ್ರೈವಿಗೆ ಹೆಸರಿನ ಕ್ರಮದಲ್ಲೇ ಪ್ರತಿ ಮಾಡಿ. ನಡುವೆ ಒಂದನ್ನು ಅಳಿಸಿ ಇನ್ನೊಂದನ್ನು ಸೇರಿಸಬೇಡಿ. ಹಳೇ ಸೆಟ್ಟುಗಳ ಪರದೆಯಲ್ಲಿ ಕನ್ನಡ ಅಕ್ಷರ ಬರುವುದಿಲ್ಲ, ಬರೀ ಚೌಕ ಕಾಣುತ್ತದೆ. ಪೆನ್‌ಡ್ರೈವಿನ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ಫೋನಿನಲ್ಲಿ ಕೇಳುವ ಪ್ರತಿಗೆ ಎಂಪಿ3ಟ್ಯಾಗ್ ಎಂಬ ಸಾಫ್ಟ್‌ವೇರಿನಿಂದ ಕನ್ನಡದಲ್ಲೇ ಪದ್ಯ, ಪ್ರಸಂಗ (ಆ ದಿನದ ಕಥೆ), ಭಾಗವತರ ಹೆಸರು ತುಂಬಿ.

ನಿಮ್ಮ ಅಪ್ಪನಿಗಾಗಿ ಒಂದು ಸಲಹೆ. ಪ್ರಸಂಗಕ್ಕೊಂದು ಪೆನ್‌ಡ್ರೈವ್ ಮಾಡಿ. ಸಣ್ಣ ಸ್ಪೀಕರುಗಳಿಗೆ ಫೋಲ್ಡರ್ ಬದಲಿಸುವುದು ಸರಿಯಾಗಿ ಬರುವುದಿಲ್ಲ. ಸಾವಿರ ಫೈಲ್ ಒಂದೇ ಕಡೆ ತುಂಬಿದರೆ ಅವರು ಗುಂಡಿ ಒತ್ತಿ ಸೋಲುತ್ತಾರೆ. ಕಡಿಮೆ ಗಾತ್ರದ ಪೆನ್‌ಡ್ರೈವಿಗೆ ಬೆಲೆಯೂ ಕಡಿಮೆ. ಅದರ ಬಾಲಕ್ಕೆ ಒಂದು ದಾರ ಕಟ್ಟಿ, ರಟ್ಟಿನ ಚೀಟಿಯಲ್ಲಿ ಪ್ರಸಂಗದ ಹೆಸರು ಬರೆಯಿರಿ. ಜೊತೆಗೆ ಒಂದು ನೋಟುಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಸಂಖ್ಯೆ, ಎದುರಿಗೆ ಪದ್ಯದ ಮೊದಲ ಎರಡು ಪದ. ಅವರು ಪದ್ಯವನ್ನು ನೆನಪಿಟ್ಟುಕೊಂಡಿರುವುದು ಮೊದಲ ಪದಗಳಿಂದಲೇ ತಾನೆ?

ಮನೆಯವರು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಂತರ್ಜಾಲಕ್ಕೆ ಹಾಕುವ ಯೋಚನೆ ಇದ್ದರೆ ಮಾತ್ರ ನಿಧಾನಿಸಿ. ಎಲ್‌ಪಿಯ ಧ್ವನಿಮುದ್ರಣಕ್ಕೆ ಹೊರಬಂದ ಮೇಲೆ 60 ವರ್ಷ ಹಕ್ಕು ಇರುತ್ತದೆ. ತಾಳಮದ್ದಳೆಯ ಕಲಾವಿದರಿಗೂ ಅವರ ದನಿಯ ಮೇಲೆ ಹಕ್ಕಿದೆ. ಅವರನ್ನೋ ಮನೆಯವರನ್ನೋ ಒಂದು ಮಾತು ಕೇಳಿ.

ಎಲ್ಲ 60 ಕ್ಯಾಸೆಟ್ಟನ್ನೂ ಮುಗಿಸಿಯೇ ಅಪ್ಪನಿಗೆ ಕೊಡುತ್ತೇನೆ ಅಂತ ಕಾಯಬೇಡಿ. ಅವರಿಗೆ ಇಷ್ಟದ ಒಂದು ಪ್ರಸಂಗವನ್ನು ಈ ವಾರವೇ ಮಾಡಿ ಕೊಡಿ. ಅವರು ಎಲ್ಲಿ ಗುಂಡಿ ಒತ್ತುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ. ಉಳಿದ ಕ್ಯಾಸೆಟ್ಟುಗಳಿಗೆ ತುಂಡಿನ ಉದ್ದ ಎಷ್ಟಿರಬೇಕು ಅಂತ ಆಗ ಗೊತ್ತಾಗುತ್ತದೆ. ಕ್ಯಾಸೆಟ್ ಡಬ್ಬಿಯ ಮೇಲೆ ಅವರು ಬರೆದ ಚೀಟಿಯ ಫೋಟೋ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ. ಯಾವ ಊರು, ಯಾವ ವರ್ಷ, ಭಾಗವತರು ಯಾರು, ಮದ್ದಳೆಗೆ ಯಾರು ಕೂತಿದ್ದರು, ಎದುರು ಅರ್ಥಕ್ಕೆ ಯಾರು ಅಂತ ಕೇಳಿ ಬರೆದುಕೊಳ್ಳಿ. ಚೀಟಿಯಲ್ಲಿ ಇಲ್ಲದ್ದು ಈಗ ಅವರ ನೆನಪಿನಲ್ಲಿ ಮಾತ್ರ ಇದೆ. ಟೇಪ್ ಮಗುಚುವಾಗ ತಪ್ಪಿಹೋದ ಜಾಗ ಬಂದರೆ ಅಲ್ಲಿ ನಿಲ್ಲಿಸಿ, ‘ಇಲ್ಲಿ ಏನು ಹೇಳಿದ್ದರು ಅಪ್ಪಾ?’ ಅಂತ ಕೇಳಿ. ಕೇಳುವ ಮೊದಲು ಫೋನಿನ ರೆಕಾರ್ಡರ್ ಆನ್ ಮಾಡಿಡಿ.